ಹುರಿಯಾಳು ಯಾರೆಂದು ತಿಳಿಯುವ ಮುನ್ನ: ಅಮೆರಿಕದ ಗವರ್ನರ್ ಚುನಾವಣೆಗಳ ಮುನ್ನಂದಾಜು

ಅಮೆರಿಕದ 50 ರಾಜ್ಯಗಳಲ್ಲೂ ಕಾರ್ಯಾಂಗದ ಮುಖ್ಯಸ್ಥ ಗವರ್ನರ್. ಭಾರತದ ರಾಜ್ಯಪಾಲರ ಹಾಗೆ ಇದು ದೆಹಲಿಯಿಂದ ನೇಮಕವಾಗಿ ಬರುವ ಹುದ್ದೆಯಲ್ಲ. ಜನ ನೇರವಾಗಿ ಮತ ಹಾಕಿ ಆರಿಸುವ, ಅಧಿಕಾರದ ಮಟ್ಟಿಗೆ ಇಲ್ಲಿನ ಮುಖ್ಯಮಂತ್ರಿಗೆ ಹತ್ತಿರವಾದ ಹುದ್ದೆ. ರಾಜ್ಯದ ಬಜೆಟ್ಟು, ಮಸೂದೆಗೆ ಸಹಿ ಹಾಕುವ ಅಥವಾ ತಡೆಯುವ ಅಧಿಕಾರ, ಹಲವು ಉನ್ನತ ನೇಮಕಗಳು ಎಲ್ಲವೂ ಆ ಮೇಜಿನ ಮೇಲೇ ಬಂದು ನಿಲ್ಲುತ್ತವೆ. ಅಧ್ಯಕ್ಷರ ಅವಧಿಯ ನಡುವಿನ ವರ್ಷದಲ್ಲಿ 36 ರಾಜ್ಯಗಳು, ಅಧ್ಯಕ್ಷೀಯ ಚುನಾವಣೆಯ ಜೊತೆಗೆ 11 ರಾಜ್ಯಗಳು ಗವರ್ನರನ್ನು ಆರಿಸುತ್ತವೆ. ನ್ಯೂ ಹ್ಯಾಂಪ್‌ಶೈರ್ ಮತ್ತು ವರ್ಮಾಂಟ್‌ಗಳಲ್ಲಿ ಅವಧಿ ಎರಡೇ ವರ್ಷ, ಆದ್ದರಿಂದ ಅವು ಎರಡೂ ಪಟ್ಟಿಯಲ್ಲಿವೆ. ಅಧ್ಯಕ್ಷರು ಗೆದ್ದ ಮರುವರ್ಷ ನ್ಯೂ ಜೆರ್ಸಿ ಮತ್ತು ವರ್ಜೀನಿಯಾ, ಅಧ್ಯಕ್ಷೀಯ ಚುನಾವಣೆಗೆ ಒಂದು ವರ್ಷ ಮೊದಲು ಕೆಂಟಕಿ, ಲೂಸಿಯಾನಾ ಮತ್ತು ಮಿಸಿಸಿಪಿ. ಹೀಗಾಗಿ ದೇಶದ ಎಲ್ಲಾದರೊಂದು ಕಡೆ ಗವರ್ನರ್ ಚುನಾವಣೆ ಇಲ್ಲದ ವರ್ಷವೇ ಇಲ್ಲ. ಮುಂದಿನ ಚುನಾವಣೆಯಲ್ಲಿ ಯಾರು ನಿಲ್ಲುತ್ತಾರೆ, ಯಾರು ಗೆಲ್ಲುತ್ತಾರೆ ಎಂದು ಮೊದಲೇ ಹೇಳುವುದನ್ನೇ ಕಸುಬು ಮಾಡಿಕೊಂಡವರಿಗೂ ಬಿಡುವಿಲ್ಲ.

ಈ ಕಸುಬಿನಲ್ಲಿ ಹಳೆಯ ಹೆಸರು ಕುಕ್ ಪೊಲಿಟಿಕಲ್ ರಿಪೋರ್ಟ್. ಚಾರ್ಲಿ ಕುಕ್ ಅದನ್ನು 1984ರಲ್ಲಿ ಶುರು ಮಾಡಿದರು. ಸ್ಟುವರ್ಟ್ ರೋಥನ್‌ಬರ್ಗ್ ಕಟ್ಟಿದ ಪತ್ರಿಕೆ ಇಂದು ಇನ್‌ಸೈಡ್ ಎಲೆಕ್ಷನ್ಸ್ ಎಂಬ ಹೆಸರಿನಲ್ಲಿದೆ. ವರ್ಜೀನಿಯಾ ವಿಶ್ವವಿದ್ಯಾಲಯದ ಲ್ಯಾರಿ ಸಬಾಟೊ ಅವರ ಕ್ರಿಸ್ಟಲ್ ಬಾಲ್ ಮೂರನೆಯದು. ಮೂರೂ ಕಡೆ ಪದ್ಧತಿ ಹೆಚ್ಚುಕಡಿಮೆ ಒಂದೇ. ಪ್ರತಿ ರಾಜ್ಯದ ಮುಂದೆ ಒಂದು ಶ್ರೇಣಿ ಬರೆಯುತ್ತಾರೆ. ಪಕ್ಷಕ್ಕೆ ಪೂರ್ತಿ ಭದ್ರವಾದ ರಾಜ್ಯ ‘ಸೇಫ್’ ಅಥವಾ ‘ಸಾಲಿಡ್’, ಅಪಾಯ ಕಡಿಮೆಯಾದರೂ ಕಣ್ಣಿಡಬೇಕಾದದ್ದು ‘ಲೈಕ್ಲಿ’, ಒಂದು ಕಡೆಗೆ ತುಸು ವಾಲಿದ್ದು ‘ಲೀನ್’, ಯಾರೆಂದು ಹೇಳಲಾಗದ್ದು ‘ಟಾಸ್‌ಅಪ್’. ರಾಜ್ಯದ ಹಿಂದಿನ ಫಲಿತಾಂಶ, ಅಧ್ಯಕ್ಷರ ಜನಪ್ರಿಯತೆ, ಹಾಲಿ ಗವರ್ನರ್ ಮತ್ತೆ ನಿಲ್ಲುತ್ತಾರೋ ಇಲ್ಲವೋ, ಸಂಗ್ರಹವಾದ ಹಣ, ಸಮೀಕ್ಷೆಗಳು, ಪಕ್ಷದೊಳಗಿನವರ ಮಾತು ಎಲ್ಲವನ್ನೂ ತೂಗಿ ಈ ಶ್ರೇಣಿ ಕಟ್ಟುತ್ತಾರೆ. ಇನ್ನೊಂದು ದಾರಿ ಅಂಕಿಗಳದು. ನೇಟ್ ಸಿಲ್ವರ್ 2008ರಲ್ಲಿ ಆರಂಭಿಸಿದ, 2025ರ ಮಾರ್ಚ್‌ನಲ್ಲಿ ಮುಚ್ಚಿಹೋದ ಫೈವ್‌ಥರ್ಟಿಎಯ್ಟ್ ಆ ದಾರಿಯಲ್ಲಿ ಹೆಸರು ಮಾಡಿತು. ಅದು ಶ್ರೇಣಿಯ ಬದಲು ಇಂಥವರು ಗೆಲ್ಲುವ ಸಾಧ್ಯತೆ ಶೇಕಡಾ ಇಷ್ಟು ಎಂದು ಹೇಳುತ್ತಿತ್ತು. ಈಚೆಗೆ ಹಣ ಹೂಡಿ ಪಣ ಕಟ್ಟುವ ಮಾರುಕಟ್ಟೆಗಳ ದರವನ್ನೂ ಜನ ಭವಿಷ್ಯವೆಂದೇ ಓದತೊಡಗಿದ್ದಾರೆ.

ಈ ಎಲ್ಲ ಮುನ್ನಂದಾಜುಗಳು ಎಷ್ಟು ಸರಿ ಎಂಬ ಪ್ರಶ್ನೆಗೆ ಕೊಡುವ ಸಾಮಾನ್ಯ ಉತ್ತರ, ಬಹುತೇಕ ಸರಿ ಎಂಬುದು. ಆ ಉತ್ತರ ಸುಳ್ಳಲ್ಲ, ಆದರೆ ಅದರ ತೂಕ ಕಡಿಮೆ. 2018ರಲ್ಲಿ 36 ರಾಜ್ಯಗಳ ಪೈಕಿ 8ರಲ್ಲಿ ಗವರ್ನರ್ ಹುದ್ದೆ ಕೈ ಬದಲಾಯಿಸಿತು. 2020ರಲ್ಲಿ 11ರ ಪೈಕಿ ಮೊಂಟಾನಾ ಒಂದರಲ್ಲಿ ಮಾತ್ರ. 2022ರಲ್ಲಿ 36ರ ಪೈಕಿ ಅರಿಜೋನಾ, ಮೇರಿಲ್ಯಾಂಡ್, ಮ್ಯಾಸಚೂಸೆಟ್ಸ್ ಮತ್ತು ನೆವಾಡಾ, ಹೀಗೆ ನಾಲ್ಕರಲ್ಲಿ. 2024ರ 11ರಲ್ಲಿ ಒಂದರಲ್ಲೂ ಇಲ್ಲ. ನಾಲ್ಕು ಸುತ್ತು ಸೇರಿ 94 ಚುನಾವಣೆ, 13 ಬದಲಾವಣೆ. ಒಂದೂ ಸಮೀಕ್ಷೆ ಓದದೆ, ಒಬ್ಬ ಸ್ಪರ್ಧಿಯ ಹೆಸರೂ ಗೊತ್ತಿಲ್ಲದೆ, ಈಗಿರುವ ಪಕ್ಷವೇ ಮತ್ತೆ ಗೆಲ್ಲುತ್ತದೆ ಎಂದು ಎಲ್ಲ ಕಡೆ ಬರೆದಿಟ್ಟವರು ಕೂಡ 94ರಲ್ಲಿ 81 ಸರಿ ಹೇಳಿರುತ್ತಿದ್ದರು. ಆ 13ರಲ್ಲೂ ಕೆಲವು ಯಾರಿಗಾದರೂ ಕಾಣುವಂಥವು. ಮೇರಿಲ್ಯಾಂಡ್ ಮತ್ತು ಮ್ಯಾಸಚೂಸೆಟ್ಸ್ ಡೆಮಾಕ್ರಟರ ನೆಲ. ಅಲ್ಲಿ ಲ್ಯಾರಿ ಹೋಗನ್ ಮತ್ತು ಚಾರ್ಲಿ ಬೇಕರ್ ಎಂಬ ಇಬ್ಬರು ಜನಪ್ರಿಯ ರಿಪಬ್ಲಿಕನ್ನರು ಕಣದಿಂದ ಸರಿದ ಮೇಲೆ ಕುರ್ಚಿ ಯಾರ ಕಡೆ ಹೋಗುತ್ತದೆಂದು ಹೇಳಲು ಪಾಂಡಿತ್ಯ ಬೇಕಿರಲಿಲ್ಲ. ಹಾಲಿ ಗವರ್ನರ್ ಮತ್ತೆ ನಿಂತರೆ ನವೆಂಬರ್‌ನಲ್ಲಿ ಸೋಲುವುದೂ ಅಪರೂಪ: 2018ರಲ್ಲಿ ವಿಸ್ಕಾನ್ಸಿನ್‌ನ ಸ್ಕಾಟ್ ವಾಕರ್ ಮತ್ತು ಇಲಿನಾಯ್ಸ್‌ನ ಬ್ರೂಸ್ ರಾವ್ನರ್, 2022ರಲ್ಲಿ ನೆವಾಡಾದ ಸ್ಟೀವ್ ಸಿಸೊಲ್ಯಾಕ್ ಒಬ್ಬರೇ. ಮುನ್ನಂದಾಜಿನ ನಿಜವಾದ ಪರೀಕ್ಷೆ ನಡೆಯುವುದು ಪ್ರತಿ ಸುತ್ತಿನಲ್ಲಿ ಹತ್ತೋ ಹನ್ನೆರಡೋ ರಾಜ್ಯಗಳಲ್ಲಿ ಮಾತ್ರ. ಅಲ್ಲಿನ ಅಂಕಪಟ್ಟಿ ಅಷ್ಟು ಚೆನ್ನಾಗಿಲ್ಲ.

ಮೊದಲ ದೋಷ ಸಮೀಕ್ಷೆಯ ಮೇಲಿನ ಭಾರ. ಅಧ್ಯಕ್ಷೀಯ ಚುನಾವಣೆಗೆ ರಾಶಿರಾಶಿ ಸಮೀಕ್ಷೆಗಳು ಬಂದರೆ, ಸಣ್ಣ ರಾಜ್ಯದ ಗವರ್ನರ್ ಕಣಕ್ಕೆ ಇಡೀ ತಿಂಗಳಲ್ಲಿ ಒಂದೋ ಎರಡೋ. 600 ಜನರನ್ನು ಕೇಳಿದ ಸಮೀಕ್ಷೆಯಲ್ಲಿ ಒಬ್ಬೊಬ್ಬರ ಪಾಲು ಶೇ 4ರಷ್ಟು ಆಚೀಚೆ ಆಗಬಹುದು, ಇಬ್ಬರ ನಡುವಿನ ಅಂತರವಂತೂ ಅದರ ಇಮ್ಮಡಿಯವರೆಗೂ ಸರಿಯಬಹುದು. ಒಬ್ಬರಿಗೆ 48, ಇನ್ನೊಬ್ಬರಿಗೆ 44 ಎಂಬ ಫಲಿತಾಂಶವನ್ನು ಪತ್ರಿಕೆಗಳು ‘ಮುನ್ನಡೆ’ ಎಂದು ಅಚ್ಚು ಹಾಕುತ್ತವೆ. ಲೆಕ್ಕದ ಭಾಷೆಯಲ್ಲಿ ಅದು ಗೊತ್ತಿಲ್ಲ ಎಂಬುದಕ್ಕಿಂತ ಸ್ವಲ್ಪವೇ ಹೆಚ್ಚು. ಇದು ಗಣಿತದ ತಪ್ಪು ಮಾತ್ರ. ಮತ ಹಾಕಲು ನಿಜವಾಗಿ ಬರುವವರು ಯಾರೆಂಬ ಊಹೆಯಲ್ಲಿ ಆಗುವ ತಪ್ಪು ಇದಕ್ಕಿಂತ ದೊಡ್ಡದು, ಅದನ್ನು ಯಾವ ಸೂತ್ರವೂ ಮೊದಲೇ ಹೇಳುವುದಿಲ್ಲ.

ನ್ಯೂ ಜೆರ್ಸಿಯ ಎರಡು ಚುನಾವಣೆಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಇದು ಕಣ್ಣಿಗೆ ಹೊಡೆಯುತ್ತದೆ. 2021ರಲ್ಲಿ ಡೆಮಾಕ್ರಟಿಕ್ ಗವರ್ನರ್ ಫಿಲ್ ಮರ್ಫಿ ನಿರಾಯಾಸವಾಗಿ ಗೆಲ್ಲುತ್ತಾರೆಂದು ಎಲ್ಲರೂ ಹೇಳಿದರು. ಮಾನ್‌ಮತ್ ವಿಶ್ವವಿದ್ಯಾಲಯದ ಕೊನೆಯ ಸಮೀಕ್ಷೆ ಶೇ 11ರ ಮುನ್ನಡೆ ಕೊಟ್ಟಿತ್ತು. ಎಣಿಕೆಯಲ್ಲಿ ರಿಪಬ್ಲಿಕನ್ ಜ್ಯಾಕ್ ಸಿಯಾಟರೆಲಿ ಅವರನ್ನು ಮರ್ಫಿ ಸೋಲಿಸಿದ್ದು ಶೇ 3ರ ಆಸುಪಾಸಿನ ಅಂತರದಲ್ಲಿ. ಆ ಸಮೀಕ್ಷೆಯ ನಿರ್ದೇಶಕ ಪ್ಯಾಟ್ರಿಕ್ ಮರ್ರೆ ಮರುದಿನಗಳಲ್ಲಿ ಪತ್ರಿಕೆಗೆ ಲೇಖನ ಬರೆದು ತಪ್ಪೊಪ್ಪಿಕೊಂಡರು, ಸ್ಪರ್ಧಿಗಳ ಮತ್ತು ಮತದಾರರ ಕ್ಷಮೆ ಕೇಳಿದರು. ಈ ಕಸುಬಿನ ಇತಿಹಾಸದಲ್ಲಿ ಅಷ್ಟು ನೇರವಾದ ತಪ್ಪೊಪ್ಪಿಗೆಗಳು ಹೆಚ್ಚಿಲ್ಲ, ಅದಕ್ಕಾಗಿ ಅವರನ್ನು ಗೌರವಿಸಬೇಕು. ನಾಲ್ಕು ವರ್ಷದ ಬಳಿಕ ಅದೇ ಸಿಯಾಟರೆಲಿ ಮತ್ತೆ ನಿಂತರು. ಹಿಂದಿನ ಪೆಟ್ಟು ನೆನಪಿದ್ದ ಸಮೀಕ್ಷಕರು ಈ ಸಲ ಹತ್ತಿರದ ಪೈಪೋಟಿ ಎಂದರು. 2025ರ ನವೆಂಬರ್ 4ರಂದು ಡೆಮಾಕ್ರಟ್ ಮಿಕಿ ಶೆರಿಲ್ ಶೇ 13ಕ್ಕೂ ಹೆಚ್ಚಿನ ಅಂತರದಿಂದ ಗೆದ್ದರು. ರಾಜ್ಯ ಒಂದೇ, ರಿಪಬ್ಲಿಕನ್ ಅಭ್ಯರ್ಥಿ ಒಬ್ಬರೇ. ತಪ್ಪು ಮಾತ್ರ ಒಮ್ಮೆ ಎಡಕ್ಕೆ, ಇನ್ನೊಮ್ಮೆ ಬಲಕ್ಕೆ. ಕಳೆದ ಸಲದ ತಪ್ಪನ್ನು ಮುಂದಿನ ಸಲಕ್ಕೆ ತಿದ್ದುಪಡಿಯಾಗಿ ಸೇರಿಸಿಕೊಳ್ಳುವ ಅಭ್ಯಾಸ ಎಷ್ಟು ಅಪಾಯದ್ದೆಂದು ತೋರಲು ಇದಕ್ಕಿಂತ ಒಳ್ಳೆಯ ಜೋಡಿ ಸಿಗದು.

ಹಳೆಯ ಉದಾಹರಣೆಗಳೂ ಇದೇ ಮಾತು ಹೇಳುತ್ತವೆ. 1982ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಲಾಸ್ ಏಂಜಲಿಸ್ ಮೇಯರ್ ಟಾಮ್ ಬ್ರ್ಯಾಡ್ಲಿ ಗೆಲ್ಲುತ್ತಾರೆಂದು ಸಮೀಕ್ಷೆಗಳು ಹೇಳಿದ್ದವು, ಮತಗಟ್ಟೆ ಸಮೀಕ್ಷೆಯೂ ಅದನ್ನೇ ಹೇಳಿತು. ಗೆದ್ದವರು ರಿಪಬ್ಲಿಕನ್ ಜಾರ್ಜ್ ಡ್ಯೂಕ್‌ಮೇಜಿಯನ್, ಅಂತರ ಸುಮಾರು 93 ಸಾವಿರ ಮತ. ಕಪ್ಪುವರ್ಣೀಯ ಅಭ್ಯರ್ಥಿಗೆ ಮತ ಹಾಕುತ್ತೇವೆಂದು ಸಮೀಕ್ಷಕರ ಮುಂದೆ ಹೇಳಿ ಒಳಗೆ ಬೇರೆ ಗುರುತು ಹಾಕಿದವರಿದ್ದರೆಂಬ ವಿವರಣೆಗೆ ‘ಬ್ರ್ಯಾಡ್ಲಿ ಎಫೆಕ್ಟ್’ ಎಂಬ ಹೆಸರೇ ಬಿತ್ತು. ಆದರೆ ಮತಗಟ್ಟೆಯಲ್ಲಿ ಬಿದ್ದ ಮತಗಳಲ್ಲಿ ಬ್ರ್ಯಾಡ್ಲಿ ನಿಜಕ್ಕೂ ಮುಂದಿದ್ದರು. ಅವರನ್ನು ಮಣಿಸಿದ್ದು ರಿಪಬ್ಲಿಕನ್ನರು ಮನೆಮನೆಯಿಂದ ಬರಿಸಿದ್ದ ಅಂಚೆ ಮತ. ಮತಗಟ್ಟೆಯ ಬಾಗಿಲಲ್ಲಿ ನಿಂತು ಕೇಳಿದವರಿಗೆ ಅಂಚೆಯಲ್ಲಿ ಮತ ಕಳಿಸಿದವರು ಸಿಗುವುದಾದರೂ ಹೇಗೆ? 1998ರ ಮಿನ್ನೆಸೋಟದಲ್ಲಿ ಕುಸ್ತಿಯ ಅಖಾಡದಿಂದ ಬಂದ ಜೆಸ್ಸಿ ವೆಂಚುರಾ ಸಣ್ಣ ಪಕ್ಷವೊಂದರಿಂದ ನಿಂತು, ಸಮೀಕ್ಷೆಗಳಲ್ಲಿ ಮೂರನೆಯವರಾಗಿದ್ದವರು, ಶೇ 37 ಮತ ಪಡೆದು ಎರಡು ದೊಡ್ಡ ಪಕ್ಷಗಳ ಅಭ್ಯರ್ಥಿಗಳನ್ನೂ ಹಿಂದೆ ಹಾಕಿದರು. ಆ ರಾಜ್ಯದಲ್ಲಿ ಮತದಾನದ ದಿನವೇ ಮತಗಟ್ಟೆಗೆ ಬಂದು ಪಟ್ಟಿಗೆ ಹೆಸರು ಸೇರಿಸಿಕೊಳ್ಳಬಹುದು. ಹಾಗೆ ಬಂದ ಹೊಸಬರು ಯಾವ ಸಮೀಕ್ಷಕರ ದೂರವಾಣಿ ಪಟ್ಟಿಯಲ್ಲೂ ‘ಮತ ಹಾಕಬಹುದಾದವರು’ ಎಂದು ನಮೂದಾಗಿರಲಿಲ್ಲ.

ಎರಡನೆಯ ದೋಷ ಇನ್ನೂ ಆಳದ್ದು. ಶ್ರೇಣಿ ಕಟ್ಟುವವರು ರಾಜ್ಯವನ್ನು ಅಧ್ಯಕ್ಷೀಯ ಚುನಾವಣೆಯ ಬಣ್ಣದಲ್ಲೇ ಮೊದಲು ನೋಡುತ್ತಾರೆ. ಸೆನೆಟ್ ಚುನಾವಣೆಗೆ ಆ ನೋಟ ಈಗ ಸಾಕಾಗುತ್ತದೆ, ಗವರ್ನರ್ ಚುನಾವಣೆಗೆ ಸಾಲದು. ರಸ್ತೆ, ಶಾಲೆ, ತೆರಿಗೆ, ಪ್ರವಾಹ ಪರಿಹಾರದಂಥ ವಿಚಾರಗಳಲ್ಲಿ ಜನ ವ್ಯಕ್ತಿಯನ್ನು ನೋಡಿ ಮತ ಹಾಕುವ ಅಭ್ಯಾಸ ಅಲ್ಲಿ ಇನ್ನೂ ಉಳಿದಿದೆ. ಡೆಮಾಕ್ರಟರ ಗಟ್ಟಿ ನೆಲವಾದ ವರ್ಮಾಂಟ್‌ನಲ್ಲಿ ರಿಪಬ್ಲಿಕನ್ ಫಿಲ್ ಸ್ಕಾಟ್ 2024ರಲ್ಲಿ ಶೇ 70ಕ್ಕೂ ಹೆಚ್ಚು ಮತ ಪಡೆದರು. ಅದೇ ದಿನ ನಾರ್ತ್ ಕೆರೊಲಿನಾ ಡೊನಾಲ್ಡ್ ಟ್ರಂಪ್ ಅವರನ್ನು ಗೆಲ್ಲಿಸಿ, ಗವರ್ನರ್ ಹುದ್ದೆಗೆ ಡೆಮಾಕ್ರಟ್ ಜೋಶ್ ಸ್ಟೈನ್ ಅವರನ್ನು ಶೇ 15ರ ಆಸುಪಾಸಿನ ಅಂತರದಿಂದ ಆರಿಸಿತು. ಎದುರಾಳಿ ವಿವಾದಗಳಲ್ಲಿ ಸಿಲುಕಿದ್ದ ಮಾರ್ಕ್ ರಾಬಿನ್ಸನ್ ಆಗದೆ ಬೇರೆ ಯಾರೇ ಆಗಿದ್ದರೂ ಅಷ್ಟು ದೊಡ್ಡ ಅಂತರ ಬರುತ್ತಿತ್ತೆಂದು ನಂಬುವುದು ಕಷ್ಟ. 2015ರಲ್ಲಿ ಲೂಸಿಯಾನಾದಲ್ಲಿ ಡೆಮಾಕ್ರಟ್ ಜಾನ್ ಬೆಲ್ ಎಡ್ವರ್ಡ್ಸ್ ಶೇ 12ರ ಅಂತರದಿಂದ ಗೆದ್ದದ್ದೂ ಹಗರಣದ ಕಳಂಕ ಹೊತ್ತ ಡೇವಿಡ್ ವಿಟರ್ ಎದುರಿಗಿದ್ದರೆಂಬ ಕಾರಣಕ್ಕೇ. ಗವರ್ನರ್ ಕಣದಲ್ಲಿ ಅಭ್ಯರ್ಥಿ ಯಾರೆಂಬುದೇ ಅರ್ಧ ಫಲಿತಾಂಶ. ಮುನ್ನಂದಾಜಿನ ಪದ್ಧತಿ ತೀರ ಎಡವುವುದು ಆ ಅರ್ಧದಲ್ಲೇ.

ಭಾರತದಲ್ಲಿ ಟಿಕೆಟ್ ಹಂಚುವುದು ಪಕ್ಷದ ಹೈಕಮಾಂಡು. ಅಮೆರಿಕದಲ್ಲಿ ಅದನ್ನು ತೀರ್ಮಾನಿಸುವುದು ಪ್ರೈಮರಿ, ಅಂದರೆ ಪಕ್ಷದ ಮತದಾರರೇ ಮತ ಹಾಕಿ ಹುರಿಯಾಳನ್ನು ಆರಿಸುವ ಒಳಚುನಾವಣೆ. ಅದಕ್ಕೆ ಬರುವವರು ಸಾರ್ವತ್ರಿಕ ಚುನಾವಣೆಗಿಂತ ಎಷ್ಟೋ ಕಡಿಮೆ. ಎಲ್ಲ ಸ್ಪರ್ಧಿಗಳೂ ಒಂದೇ ಪಕ್ಷದವರಾದ್ದರಿಂದ ಮತದಾರರ ಕೈಗೆ ಪಕ್ಷದ ಗುರುತೆಂಬ ಹಿಡಿಕೆಯೂ ಇಲ್ಲ. ಕೊನೆಯ ವಾರದಲ್ಲಿ ಮನಸ್ಸು ಬದಲಾಗುವುದು ಸಾಮಾನ್ಯ. ಇಂಥ ಕಡೆ 2015ರಲ್ಲಿ ಕೆಂಟಕಿಯ ರಿಪಬ್ಲಿಕನ್ ಪ್ರೈಮರಿಯನ್ನು ಮ್ಯಾಟ್ ಬೆವಿನ್ ಗೆದ್ದದ್ದು 83 ಮತಗಳಿಂದ. ಎರಡು ಲಕ್ಷಕ್ಕೂ ಹೆಚ್ಚು ಜನ ಮತ ಹಾಕಿದ ಸ್ಪರ್ಧೆಯಲ್ಲಿ ಜೇಮ್ಸ್ ಕೋಮರ್ ಅಷ್ಟರಲ್ಲೇ ಟಿಕೆಟ್ ಕಳೆದುಕೊಂಡರು. ನವೆಂಬರಿನ ಮುಖ್ಯ ಚುನಾವಣೆಗೆ ಮುನ್ನ ಬ್ಲೂಗ್ರಾಸ್ ಸಮೀಕ್ಷೆ ಡೆಮಾಕ್ರಟ್ ಜ್ಯಾಕ್ ಕಾನ್ವೇ ಅವರಿಗೆ ಶೇ 5ರ ಮುನ್ನಡೆ ಕೊಟ್ಟಿತು, ಬೆವಿನ್ ಶೇ 9ರ ಹತ್ತಿರದ ಅಂತರದಿಂದ ಗೆದ್ದರು. ಅದೇ ಬೆವಿನ್ ನಾಲ್ಕು ವರ್ಷದ ಬಳಿಕ, ಟ್ರಂಪ್ 2016ರಲ್ಲಿ ಶೇ 30ರ ಅಂತರದಿಂದ ಗೆದ್ದಿದ್ದ ರಾಜ್ಯದಲ್ಲಿ, ಆ್ಯಂಡಿ ಬೆಷಿಯರ್ ಎದುರು ಐದು ಸಾವಿರ ಚಿಲ್ಲರೆ ಮತಗಳಿಂದ ಸೋತರು. ಒಬ್ಬ ಅಭ್ಯರ್ಥಿಯ ಸ್ವಭಾವ ಒಂದು ರಾಜ್ಯದ ಬಣ್ಣವನ್ನೇ ಮಣಿಸಿತು.

2018ರ ಕ್ಯಾನ್ಸಸ್ ಇದಕ್ಕಿಂತ ಹತ್ತಿರದಿಂದ ನೋಡತಕ್ಕದ್ದು. ಆಗಸ್ಟ್ 7ರಂದು ರಿಪಬ್ಲಿಕನ್ ಪ್ರೈಮರಿ. ಒಂದು ಕಡೆ ಹಾಲಿ ಗವರ್ನರ್ ಜೆಫ್ ಕೋಲಿಯರ್, ಇನ್ನೊಂದು ಕಡೆ ರಾಜ್ಯದ ಸೆಕ್ರೆಟರಿ ಆಫ್ ಸ್ಟೇಟ್ ಕ್ರಿಸ್ ಕೋಬಾಕ್. ರಾಜ್ಯದ ಚುನಾವಣೆಗಳ ಮೇಲುಸ್ತುವಾರಿಯೂ ಆ ಹುದ್ದೆಯದೇ. ಮತದಾನದ ಹಿಂದಿನ ದಿನ ಟ್ರಂಪ್ ಕೋಬಾಕ್ ಪರ ನಿಂತರು. ಅತಿ ದೊಡ್ಡ ಕೌಂಟಿಯಾದ, ಅಂದರೆ ಜಿಲ್ಲೆಯಾದ, ಜಾನ್ಸನ್‌ನಲ್ಲಿ ಹೊಸ ಯಂತ್ರಗಳು ತಡ ಮಾಡಿದ್ದರಿಂದ ಎಣಿಕೆ ಮರುದಿನ ಬೆಳಿಗ್ಗೆಗೆ ಹೋಯಿತು. ಬೆಳಗಾದಾಗ ಕೋಬಾಕ್ 191 ಮತ ಮುಂದೆ. ಆಮೇಲೆ ಥಾಮಸ್ ಕೌಂಟಿಯ ಪಟ್ಟಿ ತಾಳೆ ನೋಡಿದಾಗ ಕೋಲಿಯರ್‌ಗೆ ಬಿದ್ದದ್ದು 522 ಮತ, ರಾಜ್ಯದ ಪಟ್ಟಿಯಲ್ಲಿ ಬರೆದದ್ದು 422 ಎಂದು ಗೊತ್ತಾಯಿತು. ಒಂದು ಅಂಕೆ ತಿದ್ದಿದ ಮಾತ್ರಕ್ಕೆ ಮುನ್ನಡೆ 91ಕ್ಕಿಳಿಯಿತು. ಕೊನೆಗೆ ಕೋಬಾಕ್ 343 ಮತಗಳಿಂದ ಗೆದ್ದರು, ಆಗಸ್ಟ್ 14ರಂದು ಕೋಲಿಯರ್ ಸೋಲೊಪ್ಪಿಕೊಂಡರು. ನವೆಂಬರ್‌ನಲ್ಲಿ ಡೆಮಾಕ್ರಟ್ ಲಾರಾ ಕೆಲ್ಲಿ ಶೇ 48 ಮತ ಪಡೆದು, ಶೇ 43 ಪಡೆದ ಕೋಬಾಕ್ ಅವರನ್ನು ಸೋಲಿಸಿದರು. ಆ ವರ್ಷದ ಜುಲೈನಲ್ಲಿ ಕ್ಯಾನ್ಸಸ್ ಮುಂದೆ ಯಾವ ಶ್ರೇಣಿ ಬರೆದಿದ್ದರೂ ಅದು ಒಂದು ಚುನಾವಣೆಯ ಬಗ್ಗೆ ಆಗಿರಲಿಲ್ಲ. ಕೋಲಿಯರ್ ನಿಲ್ಲುವ ಚುನಾವಣೆ ಮತ್ತು ಕೋಬಾಕ್ ನಿಲ್ಲುವ ಚುನಾವಣೆ ಎರಡು ಬೇರೆ ಸ್ಪರ್ಧೆಗಳು. ಅವೆರಡನ್ನೂ ಬೆರೆಸಿ ಕೊಟ್ಟ ಒಂದೇ ಪದದಿಂದ ಓದುಗರಿಗೆ ಏನೂ ತಿಳಿಯುವುದಿಲ್ಲ.

ಅಭ್ಯರ್ಥಿ ಯಾರಾಗುತ್ತಾರೆಂಬುದಕ್ಕೆ ಬಳಸುವ ಸೂಚನೆಗಳೂ ಗಟ್ಟಿಯಲ್ಲ. ದೊಡ್ಡ ನಾಯಕರ ಬೆಂಬಲವನ್ನೇ ನಂಬಿದವರಿಗೆ 2022ರ ಜಾರ್ಜಿಯಾ ಉತ್ತರ ಕೊಟ್ಟಿದೆ. ಟ್ರಂಪ್ ಬೆಂಬಲಿಸಿದ ಡೇವಿಡ್ ಪರ್ಡ್ಯೂ ಅವರನ್ನು ಗವರ್ನರ್ ಬ್ರಯಾನ್ ಕೆಂಪ್ ಪ್ರೈಮರಿಯಲ್ಲಿ ಶೇ 50ಕ್ಕೂ ಹೆಚ್ಚಿನ ಅಂತರದಿಂದ ಸೋಲಿಸಿದರು. ಹಣವನ್ನು ನಂಬಿದವರಿಗೆ 2015ರ ಮಿಸಿಸಿಪಿಯಿದೆ. ಅಲ್ಲಿ ಡೆಮಾಕ್ರಟಿಕ್ ಪ್ರೈಮರಿ ಗೆದ್ದ ರಾಬರ್ಟ್ ಗ್ರೇ ಲಾರಿ ಚಾಲಕ. ಪ್ರಚಾರಕ್ಕೆ ಹಣವನ್ನೇ ಖರ್ಚು ಮಾಡದ ಆತ, ಕೆಲಸದ ಗಡಿಬಿಡಿಯಲ್ಲಿ ಪ್ರೈಮರಿಯಲ್ಲಿ ತನ್ನ ಮತವನ್ನೂ ಹಾಕಿರಲಿಲ್ಲ.

ಇನ್ನೊಂದು ತೊಡಕೂ ಇದೆ: ಎದುರು ಪಕ್ಷವೇ ಅಭ್ಯರ್ಥಿಯನ್ನು ಆರಿಸಲು ಕೈಹಾಕುವುದು. 2022ರಲ್ಲಿ ಮೇರಿಲ್ಯಾಂಡ್‌ನ ರಿಪಬ್ಲಿಕನ್ ಪ್ರೈಮರಿಯಲ್ಲಿ ಡ್ಯಾನ್ ಕಾಕ್ಸ್ ಹೆಸರು ಮೇಲೇಳುವಂತೆ ಡೆಮಾಕ್ರಟಿಕ್ ಗವರ್ನರುಗಳ ಸಂಘ ಜಾಹೀರಾತಿಗೆ ಹತ್ತು ಲಕ್ಷ ಡಾಲರಿಗೂ ಹೆಚ್ಚು ಸುರಿಯಿತು. ನವೆಂಬರ್‌ನಲ್ಲಿ ಸೋಲಿಸಲು ಸುಲಭ ಎಂಬ ಲೆಕ್ಕ ಅದು. ಲೆಕ್ಕ ಫಲಿಸಿತು, ಡೆಮಾಕ್ರಟ್ ವೆಸ್ ಮೂರ್ ಶೇ 64ಕ್ಕೂ ಹೆಚ್ಚು ಮತ ಪಡೆದರು. ಪೆನ್ಸಿಲ್ವೇನಿಯಾದಲ್ಲಿ ಡೆಮಾಕ್ರಟ್ ಜೋಶ್ ಶಪೀರೊ ಬಳಗವೂ ರಿಪಬ್ಲಿಕನ್ ಡಗ್ ಮಾಸ್ಟ್ರಿಯಾನೊ ವಿಷಯದಲ್ಲಿ ಇದೇ ದಾರಿ ಹಿಡಿಯಿತು. ಇಂಥ ಹೂಡಿಕೆಗೆ ಆಧಾರ ಯಾರು ಬಂದರೆ ಎಷ್ಟು ಸುಲಭ ಎಂಬ ಮುನ್ನಂದಾಜೇ. ಶ್ರೇಣಿಗಳು ಹೀಗೆ ಕಣದ ಹೊರಗೆ ನಿಂತ ತಕ್ಕಡಿಯಾಗಿ ಉಳಿದಿಲ್ಲ. ‘ಲೀನ್’ ಎಂದು ಬಿದ್ದ ರಾಜ್ಯಕ್ಕೆ ದೇಣಿಗೆ ಹರಿಯುತ್ತದೆ, ‘ಸೇಫ್’ ಎಂದು ಬಿದ್ದ ರಾಜ್ಯದಲ್ಲಿ ಸ್ಪರ್ಧಿಗೆ ಫೋನ್ ಎತ್ತುವವರೂ ಇರುವುದಿಲ್ಲ. ಇದು ಗಂಭೀರ ಹೊಣೆ. ಮುನ್ನಂದಾಜು ಬರೆಯುವವರಲ್ಲಿ ಈ ಹೊಣೆಯನ್ನು ಓದುಗರ ಮುಂದೆ ಬಿಡಿಸಿ ಹೇಳುವವರು ಕಡಿಮೆ.

ಉಳಿದ ದೇಶಕ್ಕಿಂತ ಮೊದಲು ನಡೆಯುವ ಚುನಾವಣೆಗಳನ್ನು ಶಕುನವಾಗಿ ಓದುವ ರೂಢಿಯೂ ಹಳೆಯದು. ಮೇನ್ ರಾಜ್ಯ ಒಂದು ಕಾಲದಲ್ಲಿ ಗವರ್ನರನ್ನು ಸೆಪ್ಟೆಂಬರ್‌ನಲ್ಲೇ ಆರಿಸುತ್ತಿತ್ತು, ಮೇನ್ ಹೋದ ಕಡೆಗೇ ದೇಶ ಹೋಗುತ್ತದೆ ಎಂಬ ಮಾತಿತ್ತು. 1936ರ ಸೆಪ್ಟೆಂಬರ್‌ನಲ್ಲಿ ಮೇನ್ ರಿಪಬ್ಲಿಕನ್ ಗವರ್ನರನ್ನು ಆರಿಸಿತು. ನವೆಂಬರ್‌ನಲ್ಲಿ ರೂಸ್‌ವೆಲ್ಟ್ 48ರಲ್ಲಿ 46 ರಾಜ್ಯ ಗೆದ್ದರು, ಉಳಿದವು ಮೇನ್ ಮತ್ತು ವರ್ಮಾಂಟ್. ವರ್ಜೀನಿಯಾದ ಶಕುನಕ್ಕೆ ಇದಕ್ಕಿಂತ ಬಲವಾದ ಆಧಾರವಿದೆ. 1977ರಿಂದ 2025ರವರೆಗಿನ 13 ಚುನಾವಣೆಗಳಲ್ಲಿ 12 ಸಲ ಅಲ್ಲಿ ಗೆದ್ದದ್ದು ಶ್ವೇತಭವನದಲ್ಲಿ ಇಲ್ಲದ ಪಕ್ಷ, 2013ರಲ್ಲಿ ಟೆರ್ರಿ ಮೆಕಾಲಿಫ್ ಗೆದ್ದದ್ದೊಂದೇ ಅಪವಾದ. ಅಲ್ಲಿ ಯಾವ ಪಕ್ಷ ಗೆಲ್ಲುತ್ತದೆ ಎಂಬುದಕ್ಕೆ ಇದು ಒಳ್ಳೆಯ ಸೂಚನೆ. ಮರುವರ್ಷ ಉಳಿದ ರಾಜ್ಯಗಳಲ್ಲಿ ಏನಾಗುತ್ತದೆಂಬುದಕ್ಕೆ ಅಷ್ಟು ನೆಚ್ಚಿನ ಸೂಚನೆಯಲ್ಲ. 2021ರಲ್ಲಿ ಅಲ್ಲಿ ರಿಪಬ್ಲಿಕನ್ ಗ್ಲೆನ್ ಯಂಗ್‌ಕಿನ್ ಗೆದ್ದಾಗ ರಿಪಬ್ಲಿಕನ್ ಅಲೆಯೇ ಬರುತ್ತದೆಂದು ಬರೆದವರು ಬಹಳ. 2022ರಲ್ಲಿ ಗವರ್ನರ್ ಹುದ್ದೆಗಳ ನಿವ್ವಳ ಗಳಿಕೆ ಆದದ್ದು ಡೆಮಾಕ್ರಟರಿಗೇ.

ಇಷ್ಟು ದೋಷಗಳ ನಡುವೆಯೂ ಶ್ರೇಣಿ ಪದ್ಧತಿಯಲ್ಲಿ ಉಳಿಸಿಕೊಳ್ಳತಕ್ಕ ಒಳ್ಳೆಯ ಗುಣವಿದೆ. ‘ಟಾಸ್‌ಅಪ್’ ಎಂಬ ಪದ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುತ್ತದೆ. ಕುಕ್ ಪತ್ರಿಕೆ ಮತದಾನದ ದಿನದವರೆಗೂ ಕೆಲವು ರಾಜ್ಯಗಳನ್ನು ಅದೇ ಪದದಡಿ ಬಿಡುತ್ತದೆ. ಕ್ರಿಸ್ಟಲ್ ಬಾಲ್ ಕೊನೆಯ ದಿನಗಳಲ್ಲಿ ಎಲ್ಲವನ್ನೂ ಯಾವುದಾದರೊಂದು ಕಡೆಗೆ ತಳ್ಳುತ್ತದೆ. ಎರಡನೆಯದಕ್ಕೆ ಧೈರ್ಯವೆಂಬ ಹೊಗಳಿಕೆ ಸಿಗುತ್ತದಾದರೂ ಓದುಗರಿಗೆ ಹೆಚ್ಚು ಉಪಯೋಗ ಮೊದಲನೆಯದರಿಂದ. 2022ರ ಅರಿಜೋನಾದಲ್ಲಿ ಕೇಟಿ ಹಾಬ್ಸ್ 17,117 ಮತಗಳಿಂದ ಕೇರಿ ಲೇಕ್ ಅವರನ್ನು ಸೋಲಿಸಿದರು. 25 ಲಕ್ಷಕ್ಕೂ ಹೆಚ್ಚು ಮತ ಬಿದ್ದ ಕಣದಲ್ಲಿ ಅಷ್ಟು ಸಣ್ಣ ಅಂತರವನ್ನು ಮೊದಲೇ ಕಂಡೆವೆನ್ನುವ ಯಾವ ವಿಧಾನವೂ ಪ್ರಾಮಾಣಿಕವಾಗಿರಲಾರದು. ಶೇಕಡಾವಾರು ಸಾಧ್ಯತೆಯನ್ನು ದಶಾಂಶದವರೆಗೆ ಬರೆಯುವ ಮಾದರಿಗಳಿಗೂ ಈ ಮಾತು ಸಲ್ಲುತ್ತದೆ.

2026ರ ನವೆಂಬರ್ 3ರ ಸುತ್ತಿನಲ್ಲಿ ಮತ್ತೆ 36 ರಾಜ್ಯಗಳಿವೆ. ಅವುಗಳಲ್ಲಿ ಬಹಳಷ್ಟು ಕಡೆ ಹಾಲಿ ಗವರ್ನರ್ ಕಣದಲ್ಲಿಲ್ಲ. ಮಿಷಿಗನ್, ಜಾರ್ಜಿಯಾ, ಒಹಾಯೊ, ಕ್ಯಾನ್ಸಸ್, ಫ್ಲಾರಿಡಾಗಳಲ್ಲಿ ಅವಧಿಯ ಮಿತಿ ಅಡ್ಡ ಬಂದಿದೆ, ಐಯೋವಾದ ಕಿಮ್ ರೆನಾಲ್ಡ್ಸ್ ಮತ್ತು ವಿಸ್ಕಾನ್ಸಿನ್‌ನ ಟೋನಿ ಎವರ್ಸ್ ತಾವಾಗಿ ಸರಿದಿದ್ದಾರೆ. ಹುರಿಯಾಳು ಯಾರೆಂಬ ಪ್ರಶ್ನೆ ಇಷ್ಟು ರಾಜ್ಯಗಳಲ್ಲಿ ಒಟ್ಟಿಗೆ ತೆರೆದುಕೊಂಡಾಗ ಮುನ್ನಂದಾಜಿನ ದುರ್ಬಲ ಭಾಗವೇ ಹೆಚ್ಚು ಕೆಲಸ ಮಾಡಬೇಕಾಗುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಕಮಲಾ ಹ್ಯಾರಿಸ್ ನಿಲ್ಲಬಹುದೆಂದು ತಿಂಗಳುಗಟ್ಟಲೆ ಸಮೀಕ್ಷೆಗಳು ಅವರ ಹೆಸರನ್ನು ಸೇರಿಸಿ ನಡೆದವು. 2025ರ ಜುಲೈನಲ್ಲಿ ಅವರು ನಿಲ್ಲುವುದಿಲ್ಲ ಎಂದ ದಿನ ಅವೆಲ್ಲ ರದ್ದಿಗೆ ಹೋದವು. ಆ ರಾಜ್ಯದ ಪ್ರೈಮರಿಯಲ್ಲಿ ಎಲ್ಲ ಪಕ್ಷದವರೂ ಒಂದೇ ಪಟ್ಟಿಯಲ್ಲಿ ನಿಲ್ಲುತ್ತಾರೆ, ಮೊದಲ ಇಬ್ಬರು ಪಕ್ಷ ಯಾವುದೇ ಆಗಿರಲಿ ನವೆಂಬರ್‌ಗೆ ಹೋಗುತ್ತಾರೆ. ಒಂದು ಪಕ್ಷದ ಮತ ಹಲವರಲ್ಲಿ ಹಂಚಿಹೋದರೆ ಅದರ ಅಭ್ಯರ್ಥಿಯೇ ಉಳಿಯದ ಸಾಧ್ಯತೆ ಆ ನಿಯಮದೊಳಗೇ ಇದೆ. ಕ್ಯಾನ್ಸಸ್‌ನಲ್ಲಿ, 343 ಮತಗಳಿಂದ ಸೋತಿದ್ದ ಕೋಲಿಯರ್ 2025ರಲ್ಲಿ ಮತ್ತೆ ಉಮೇದುವಾರಿಕೆ ಘೋಷಿಸಿದರು. ವಿಸ್ಕಾನ್ಸಿನ್ 2018ರಲ್ಲಿ ಎವರ್ಸ್ ಅವರನ್ನು ಗೆಲ್ಲಿಸಿದ್ದು ಮೂವತ್ತು ಸಾವಿರಕ್ಕಿಂತ ಕಡಿಮೆ ಮತಗಳಿಂದ, 2022ರಲ್ಲಿ ಶೇ 3ರ ಆಸುಪಾಸಿನ ಅಂತರದಿಂದ. ಎರಡೂ ಪಕ್ಷದ ಹುರಿಯಾಳುಗಳು ಅಲ್ಲಿ ಅಧಿಕೃತವಾಗಿ ನಿರ್ಧಾರವಾಗುವುದು 2026ರ ಆಗಸ್ಟ್ 11ರ ಪ್ರೈಮರಿಯಲ್ಲಿ. ಆ ದಿನದವರೆಗೆ ವಿಸ್ಕಾನ್ಸಿನ್ ಮುಂದೆ ಬರೆಯಬಹುದಾದ ಸರಿಯಾದ ಪದ ‘ಟಾಸ್‌ಅಪ್’.